ಗ್ರಾಮವೈದ್ಯ ಶಿಕ್ಷಣವೂ ಸಾರ್ವಜನಿಕ ಧನವೂ

ಒಂದು ಊರಿನಲ್ಲಿ ಮಠವಿದ್ದರೆ ಮನಸ್ಸಿಗೆ ಆಸರೆಯುಂಟು. ಪಾಠಶಾಲೆಯಿದ್ದರೆ ಮಕ್ಕಳಿಗೆ ವಿದ್ಯೆಯುಂಟು. ಕೆರೆ ಬಾವಿಗಳಿದ್ದರೆ ಜನಕ್ಕೂ ದನಕ್ಕೂ ನೀರುಂಟು. ಆದರೆ ಅರ್ಧರಾತ್ರಿಯಲ್ಲಿ ಹಸುಗೂಸಿಗೆ ಜ್ವರವೇರಿದಾಗಲೂ, ಹೆರಿಗೆಯ ನೋವು ಎರಡನೆಯ ದಿನಕ್ಕೆ ಮುಂದುವರಿದಾಗಲೂ, ಹೊಲದಲ್ಲಿ ದುಡಿಯುವವನಿಗೆ ಹಾವು ಕಚ್ಚಿದಾಗಲೂ ಇವುಗಳ ಜೊತೆಗೆ ಇನ್ನೊಂದು ಬೇಕಾಗುತ್ತದೆ. ಕರೆದರೆ ಬರುವಷ್ಟು ಸಮೀಪದಲ್ಲಿರುವ, ಶಾಸ್ತ್ರವನ್ನು ಬಲ್ಲ ವೈದ್ಯನೇ ಅದು. ಅಂತಹ ವೈದ್ಯನು ತಾನಾಗಿಯೇ ಹುಟ್ಟಿ ಬರುವವನಲ್ಲ. ಅವನನ್ನು ಸಿದ್ಧಪಡಿಸುವುದಕ್ಕೆ ಅನೇಕ ವರ್ಷಗಳು ಬೇಕು. ಗುರುಗಳು, ಪ್ರಯೋಗಶಾಲೆಗಳು, ರೋಗಿಗಳಿಂದ ತುಂಬಿದ ಆಸ್ಪತ್ರೆಗಳು ಬೇಕು. ಇವೆಲ್ಲಕ್ಕೂ ತಗಲುವ ವೆಚ್ಚವನ್ನು ಸಾಮಾನ್ಯ ಗೃಹಸ್ಥನು ತನ್ನ ಮಗನಿಗಾಗಿ ತೆರಲಾರನಾದ್ದರಿಂದ, ವೈದ್ಯಶಿಕ್ಷಣದ ಭಾರದಲ್ಲಿ ದೊಡ್ಡ ಪಾಲು ಬಹುಕಾಲದಿಂದಲೂ ಸರಕಾರದ ಬೊಕ್ಕಸದ ಮೇಲೆಯೇ ಬಿದ್ದಿರುತ್ತದೆ.

ಆ ಬೊಕ್ಕಸವನ್ನು ತುಂಬಿದವರಾದರೋ ಬಹುಮಟ್ಟಿಗೆ ಹಳ್ಳಿಯ ಜನರು. ಕಂದಾಯದ ರೂಪದಲ್ಲಿಯೂ, ಕೊಳ್ಳುವ ಉಪ್ಪು ಬಟ್ಟೆಗಳ ಮೇಲಿನ ತೆರಿಗೆಯ ರೂಪದಲ್ಲಿಯೂ ಅವರು ಕೊಟ್ಟ ಹಣದಿಂದ ಪಟ್ಟಣಗಳಲ್ಲಿ ವೈದ್ಯವಿದ್ಯಾಲಯಗಳು ಎದ್ದುವು. ಆದುದರಿಂದ ಈ ವಿಷಯದ ಇತಿಹಾಸವನ್ನು ನೋಡುವವರು ಕೇಳಬೇಕಾದ ಪ್ರಶ್ನೆಯು ಎಷ್ಟು ಹಣ ವ್ಯಯವಾಯಿತೆಂಬುದಷ್ಟೇ ಅಲ್ಲ. ಆ ಹಣದಿಂದ ಸಿದ್ಧನಾದ ವೈದ್ಯನು ಕೊನೆಗೆ ಎಲ್ಲಿ ನೆಲೆಸಿದನು, ಅಲ್ಲಿಯೇ ಏಕೆ ನೆಲೆಸಿದನು ಎಂಬುದೂ ವಿಚಾರಾರ್ಹವಾದುದು.

೧. ಕಂಪನಿಯ ಕಾಲದ ಆರಂಭ

ಭರತಖಂಡದಲ್ಲಿ ಪಾಶ್ಚಾತ್ಯ ವೈದ್ಯವನ್ನು ಈ ದೇಶದವರಿಗೆ ಕಲಿಸಲು ಸರಕಾರವು ಹಣ ಕೊಡತೊಡಗಿದ್ದು ಹಳ್ಳಿಯ ಮೇಲಣ ಕರುಣೆಯಿಂದಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಗಾಯಗೊಂಡವರಿಗೂ ಜ್ವರಪೀಡಿತರಿಗೂ ಆರೈಕೆ ಮಾಡಲು ವಿಲಾಯತಿಯಿಂದ ಬಂದ ಸರ್ಜನ್ನರು ಸಾಲುತ್ತಿರಲಿಲ್ಲ. ಅವರ ಕೈಕೆಳಗೆ ದುಡಿಯಲು ದೇಶೀಯ ಸಹಾಯಕರು ಬೇಕಾದರು. ಈ ಕಾರಣದಿಂದ ೧೮೨೨ನೆಯ ಇಸವಿಯಲ್ಲಿ ಕಲಕತ್ತೆಯಲ್ಲಿ ದೇಶೀಯ ವೈದ್ಯಶಾಲೆಯೊಂದು ಸ್ಥಾಪಿತವಾಯಿತು. ಅಲ್ಲಿ ಪಾಠವು ದೇಶಭಾಷೆಗಳಲ್ಲಿ ನಡೆಯುತ್ತಿತ್ತು. ಪಾಶ್ಚಾತ್ಯ ವೈದ್ಯದೊಡನೆ ಈ ದೇಶದ ಪ್ರಾಚೀನ ವೈದ್ಯಗ್ರಂಥಗಳ ಪರಿಚಯವೂ ಆಗುತ್ತಿತ್ತು. ೧೮೩೫ರಲ್ಲಿ ಸರಕಾರವು ಆ ಶಾಲೆಯನ್ನು ಮುಚ್ಚಿ, ಇಂಗ್ಲಿಷಿನಲ್ಲಿ ಬೋಧಿಸುವ ಕಲಕತ್ತೆಯ ಮೆಡಿಕಲ್ ಕಾಲೇಜನ್ನು ತೆರೆಯಿತು. ಅದೇ ವರ್ಷ ಮದರಾಸಿನಲ್ಲಿಯೂ ವೈದ್ಯಶಾಲೆಯು ಆರಂಭವಾಯಿತು. ೧೮೪೫ರಲ್ಲಿ ಬೊಂಬಾಯಿಯಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜು ತಲೆಯೆತ್ತಿತು.

ಅಂದಿನಿಂದ ವೈದ್ಯಶಿಕ್ಷಣವು ಎರಡು ಕವಲುಗಳಾಗಿ ಹರಿಯಿತು. ಒಂದು ಕವಲು ಕಾಲೇಜಿನದು. ಅಲ್ಲಿ ದೀರ್ಘಕಾಲ ಇಂಗ್ಲಿಷಿನಲ್ಲಿ ಕಲಿತು ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದವರು ಪಟ್ಟಣದ ದೊಡ್ಡ ಆಸ್ಪತ್ರೆಗಳಲ್ಲಿ ನೆಲೆಸಿದರು. ಇನ್ನೊಂದು ಕವಲು ವೈದ್ಯಶಾಲೆಯದು. ಕಡಿಮೆ ವೆಚ್ಚದಲ್ಲಿ, ಕಡಿಮೆ ಕಾಲದಲ್ಲಿ ಕಲಿತು ‘ಹಾಸ್ಪಿಟಲ್ ಅಸಿಸ್ಟಂಟ್’ ಎನಿಸಿಕೊಂಡವರು ಸೈನ್ಯ, ಸೆರೆಮನೆ, ಮತ್ತು ಕ್ರಮೇಣ ತಾಲೂಕಿನ ದವಾಖಾನೆಗಳನ್ನು ಸೇರಿದರು. ಮುಂದೆ ಇವರಿಗೆ ‘ಸಬ್-ಅಸಿಸ್ಟಂಟ್ ಸರ್ಜನ್’ ಎಂಬ ಹೆಸರು ಬಂದಿತು. ಹೆಸರು ಬದಲಾದರೂ ಸಂಬಳವೂ ಸ್ಥಾನವೂ ಕೆಳಗೇ ಉಳಿದುವು. ಹಳ್ಳಿಯ ರೈತನು ಕಣ್ಣಾರೆ ಕಂಡ ಸರಕಾರಿ ವೈದ್ಯನು ಬಹುತೇಕ ಈ ಎರಡನೆಯ ಕವಲಿನವನೇ.

೨. ಕನ್ನಡನಾಡಿನ ನಾಲ್ಕು ದಾರಿಗಳು

೧೯೫೬ರ ಏಕೀಕರಣಕ್ಕೆ ಮುಂಚೆ ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದಿತಷ್ಟೆ. ವೈದ್ಯನಾಗಬಯಸಿದ ಕನ್ನಡ ತರುಣನ ದಾರಿಯೂ ಅವನು ಹುಟ್ಟಿದ ಸೀಮೆಯನ್ನು ಅನುಸರಿಸಿ ಬೇರೆ ಬೇರೆಯಾಗಿದ್ದಿತು. ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯವರು ಬೊಂಬಾಯಿ ಪ್ರಾಂತಕ್ಕೆ ಸೇರಿದವರಾದ್ದರಿಂದ ಪುಣೆಯಲ್ಲಿ ೧೮೭೮ರಲ್ಲಿ ಆರಂಭವಾದ ವೈದ್ಯಶಾಲೆಯತ್ತ ನೋಡಿದರು. ಗುಲಬರ್ಗಾ, ರಾಯಚೂರು, ಬೀದರಿನ ಸೀಮೆಯವರಿಗೆ ನಿಜಾಮರ ರಾಜಧಾನಿಯಾದ ಹೈದರಾಬಾದಿನಲ್ಲಿ ೧೮೪೬ರಷ್ಟು ಹಿಂದೆಯೇ ಸ್ಥಾಪಿತವಾಗಿದ್ದ ವೈದ್ಯಶಾಲೆಯಿದ್ದಿತು. ಅಲ್ಲಿಯ ಬೋಧನೆಯು ಉರ್ದು ಭಾಷೆಯಲ್ಲಿ ಆರಂಭವಾದದ್ದು. ಬಳ್ಳಾರಿಯವರೂ ದಕ್ಷಿಣ ಕನ್ನಡದವರೂ ಮದರಾಸಿನ ದಾರಿ ಹಿಡಿಯಬೇಕಾಗುತ್ತಿತ್ತು.

ಮೈಸೂರು ಸಂಸ್ಥಾನದ ಕಥೆಯು ಬೇರೆಯಾದುದು. ರಾಜ್ಯಾಧಿಕಾರವು ಒಡೆಯರ ವಂಶಕ್ಕೆ ಮರಳಿದ ೧೮೮೧ರಿಂದ ಸಂಸ್ಥಾನದ ಸರಕಾರವು ಯೋಗ್ಯರಾದ ವಿದ್ಯಾರ್ಥಿಗಳಿಗೆ ವೇತನ ಕೊಟ್ಟು ಹೊರಗಿನ ವೈದ್ಯವಿದ್ಯಾಲಯಗಳಿಗೆ ಕಳುಹಿಸುವ ಏರ್ಪಾಡು ಮಾಡಿತು. ಹಣವು ಸಂಸ್ಥಾನದ್ದು, ವಿದ್ಯೆಯು ಪರಸ್ಥಳದ್ದು. ಈ ಏರ್ಪಾಡು ಸಂಸ್ಥಾನದ ಅಗತ್ಯವನ್ನೆಲ್ಲ ಪೂರೈಸುವಂತಿರಲಿಲ್ಲ. ಆದಕಾರಣ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ೧೯೧೭ನೆಯ ಇಸವಿಯಲ್ಲಿ, ಬೆಂಗಳೂರಿನಲ್ಲಿಯೇ ವೈದ್ಯಶಾಲೆಯೊಂದು ತೆರೆಯಿತು. ಎಲ್. ಎಂ. ಪಿ. ಎಂಬ ಪರವಾನಗಿಯ ವೈದ್ಯರನ್ನು ಸಿದ್ಧಪಡಿಸುವುದು ಅದರ ಉದ್ದೇಶವಾಗಿದ್ದಿತು. ೧೯೨೪ರಲ್ಲಿ ಅದು ಮೈಸೂರು ವಿಶ್ವವಿದ್ಯಾನಿಲಯದ ಕಾಲೇಜಿನ ಪದವಿಗೇರಿ, ೧೯೩೦ರಲ್ಲಿ ಮೈಸೂರು ನಗರಕ್ಕೆ ಸ್ಥಳಾಂತರ ಹೊಂದಿತು. ಶಾಲೆಯಾಗಿ ಹುಟ್ಟಿ ಏಳೇ ವರ್ಷಗಳಲ್ಲಿ ಕಾಲೇಜಾದ ಈ ಸಂಸ್ಥೆಯ ಚರಿತ್ರೆಯಲ್ಲಿ, ಮುಂದೆ ಇಡೀ ದೇಶದಲ್ಲಿ ನಡೆಯಲಿದ್ದ ಬದಲಾವಣೆಯ ಮುನ್ಸೂಚನೆ ಕಾಣುತ್ತದೆ.

ಸಂಸ್ಥಾನದಲ್ಲಿ ಗಮನಾರ್ಹವಾದ ಇನ್ನೊಂದು ಪ್ರಯತ್ನವೂ ನಡೆಯಿತು. ೧೯೩೦ರ ದಶಕದಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಕಾರದಿಂದ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಗ್ರಾಮಾರೋಗ್ಯ ಘಟಕವೊಂದು ಸ್ಥಾಪಿತವಾಯಿತು. ರೋಗ ಬಂದ ಮೇಲೆ ಔಷಧ ಕೊಡುವುದರಲ್ಲಿಯೇ ತೃಪ್ತವಾಗದೆ, ನೀರು, ಕಕ್ಕಸು, ಸೊಳ್ಳೆ, ಬಸುರಿ ಬಾಣಂತಿಯರ ಯೋಗಕ್ಷೇಮ ಇವುಗಳನ್ನು ಒಂದೇ ಕೈಯಿಂದ ನೋಡಿಕೊಳ್ಳುವ ಪದ್ಧತಿಯು ಅಲ್ಲಿ ಆಚರಣೆಗೆ ಬಂದಿತು. ಆರೋಗ್ಯದ ಕೆಲಸಗಾರರಿಗೆ ಹಳ್ಳಿಗಳ ನಡುವೆಯೇ ತರಬೇತಿ ಕೊಡಬಹುದೆಂಬುದಕ್ಕೆ ಕನ್ನಡನಾಡಿನಲ್ಲಿ ಅದು ಮೊದಲ ನಿದರ್ಶನಗಳಲ್ಲೊಂದು.

೩. ಎಲ್. ಎಂ. ಪಿ. ವೈದ್ಯನ ಕಾಲ

ಈಗಿನವರಿಗೆ ಎಲ್. ಎಂ. ಪಿ. ಎಂಬ ಅಕ್ಷರಗಳು ಅಪರಿಚಿತವಾಗಿರಬಹುದು. ಹಿಂದಿನ ತಲೆಮಾರಿನ ಹಿರಿಯರಿಗಾದರೋ ಅವು ಮನೆಮಾತು. ಮೆಟ್ರಿಕ್ಯುಲೇಷನ್ ತೇರ್ಗಡೆಯಾದ ತರುಣನು ವೈದ್ಯಶಾಲೆಯಲ್ಲಿ ಸುಮಾರು ನಾಲ್ಕು ವರ್ಷ ಕಲಿತು ಪರೀಕ್ಷೆಯಲ್ಲಿ ಗೆದ್ದರೆ ಈ ಪರವಾನಗಿ ದೊರೆಯುತ್ತಿತ್ತು. ಎಂ. ಬಿ. ಬಿ. ಎಸ್. ಪದವಿಗಾದರೋ ಇಂಟರ್‌ಮೀಡಿಯೆಟ್ ಓದಿ, ಅನಂತರ ಐದು ವರ್ಷ ಕಾಲೇಜಿನಲ್ಲಿ ಕಳೆಯಬೇಕಾಗಿದ್ದಿತು. ಕಾಲವೂ ವೆಚ್ಚವೂ ಕಡಿಮೆಯಾದ ಕಾರಣ ಸಾಧಾರಣ ಮನೆತನದ ಹುಡುಗರಿಗೂ ವೈದ್ಯಶಾಲೆಯ ಬಾಗಿಲು ತೆರೆದಿದ್ದಿತು.

೧೯೧೯ರ ರಾಜಕೀಯ ಸುಧಾರಣೆಗಳ ಫಲವಾಗಿ ಆರೋಗ್ಯಖಾತೆಯು ಪ್ರಾಂತಗಳ ಮಂತ್ರಿಗಳ ಕೈಗೆ ಬಂದಿತು. ಹಳ್ಳಿಯ ಮತದಾರರಿಗೆ ಉತ್ತರ ಹೇಳಬೇಕಾದ ಮಂತ್ರಿಗಳು ಹಳ್ಳಿಯ ರೋಗಗಳ ವಿಚಾರವನ್ನೂ ಮಾಡಬೇಕಾಯಿತು. ಮದರಾಸು ಪ್ರಾಂತದಲ್ಲಿ ೧೯೨೪ರಲ್ಲಿ ಜಾರಿಗೆ ಬಂದ ಗ್ರಾಮವೈದ್ಯರ ಸಹಾಯಧನದ ಯೋಜನೆಯು ಈ ಇತಿಹಾಸದಲ್ಲಿ ಹೆಸರಿಸಲೇಬೇಕಾದುದು. ಅದರ ಕ್ರಮವು ಸರಳ. ವೈದ್ಯನು ಗೊತ್ತುಪಡಿಸಿದ ಹಳ್ಳಿಯಲ್ಲಿ ನೆಲೆಸತಕ್ಕದ್ದು. ಬಡವರಿಗೆ ಧರ್ಮಾರ್ಥವಾಗಿ ಔಷಧೋಪಚಾರ ಮಾಡತಕ್ಕದ್ದು. ಅನುಕೂಲಸ್ಥರಿಂದ ಶುಲ್ಕ ಪಡೆಯಲು ಅವನಿಗೆ ಸ್ವಾತಂತ್ರ್ಯವಿರತಕ್ಕದ್ದು. ಇದಕ್ಕೆ ಪ್ರತಿಯಾಗಿ ಅವನಿಗೆ ವರ್ಷವರ್ಷವೂ ಸಹಾಯಧನವು ಸಂದಾಯವಾಗುವುದು, ಔಷಧಗಳೂ ಒದಗುವುವು. ಕೆಲವು ಕಾಲದ ಮೇಲೆ ಬೊಂಬಾಯಿ ಪ್ರಾಂತದಲ್ಲಿಯೂ ಇದೇ ಬಗೆಯ ಸಹಾಯಧನದ ವೈದ್ಯಕೇಂದ್ರಗಳು ಏರ್ಪಟ್ಟುವು. ಉತ್ತರ ಕರ್ನಾಟಕದ ಜಿಲ್ಲೆಗಳ ಹಳ್ಳಿಗಳು ಅವನ್ನು ಕಂಡಿದ್ದುವು.

ಈ ಯೋಜನೆಯ ಮರ್ಮವನ್ನು ತಿಳಿಯುವುದು ಅವಶ್ಯ. ವೈದ್ಯಶಾಲೆಗೆ ಸುರಿದ ಹಣವು ಕಟ್ಟಡ, ಉಪಕರಣ, ಅಧ್ಯಾಪಕರ ಸಂಬಳಗಳಾಗಿ ಪಟ್ಟಣದಲ್ಲಿಯೇ ಉಳಿಯುತ್ತದೆ. ಸಹಾಯಧನದ ಹಣವಾದರೋ ವೈದ್ಯನ ಹೆಸರಿಗೆ ಮಾತ್ರವಲ್ಲದೆ ಊರಿನ ಹೆಸರಿಗೂ ಅಂಟಿಕೊಂಡಿದ್ದಿತು. ವೈದ್ಯನು ಊರು ಬಿಟ್ಟರೆ ಹಣವೂ ಅವನನ್ನು ಬಿಡುತ್ತಿತ್ತು. ಸಾರ್ವಜನಿಕ ಧನವನ್ನು ಸ್ಥಳಕ್ಕೆ ಕಟ್ಟಿಹಾಕುವ ಈ ಉಪಾಯವು ಮೊತ್ತದಲ್ಲಿ ಚಿಕ್ಕದಾಗಿದ್ದರೂ ಯುಕ್ತಿಯಲ್ಲಿ ದೊಡ್ಡದು.

ಹೀಗಿದ್ದರೂ ಎಲ್. ಎಂ. ಪಿ. ವೈದ್ಯರ ಮನಸ್ಸಿನಲ್ಲಿ ಸಮಾಧಾನವಿರಲಿಲ್ಲ. ಒಂದೇ ರೋಗಕ್ಕೆ ಒಂದೇ ಔಷಧ ಕೊಡುವ ಇಬ್ಬರಲ್ಲಿ ಒಬ್ಬನು ಮೇಲು, ಇನ್ನೊಬ್ಬನು ಕೀಳು ಎಂಬ ಭೇದವು ಅವರನ್ನು ನೋಯಿಸುತ್ತಿತ್ತು. ೧೯೩೩ರ ಶಾಸನದಿಂದ ಭಾರತೀಯ ವೈದ್ಯ ಪರಿಷತ್ತು ಹುಟ್ಟಿದಾಗ ಅದರ ಪರಿಧಿಗೆ ಪದವೀಧರರ ಶಿಕ್ಷಣವು ಮಾತ್ರ ಸೇರಿ, ಲೈಸೆನ್ಷಿಯೇಟರು ಹೊರಗುಳಿದರು. ತಮ್ಮನ್ನು ಸಮಾನರೆಂದು ಎಣಿಸಬೇಕೆಂದು ಅವರು ಸಂಘಟಿತರಾಗಿ ವಾದಿಸಿದರು. ಆ ಬೇಡಿಕೆಯು ನ್ಯಾಯವಾದುದಾಗಿತ್ತು. ಆದರೆ ಅದನ್ನು ಈಡೇರಿಸಿದ ರೀತಿಯಿಂದ ಹಳ್ಳಿಗಾದುದು ಬೇರೆಯೇ ಒಂದು ಪರಿಣಾಮ.

೪. ಭೋರ್ ಸಮಿತಿಯ ನಿರ್ಣಯ

೧೯೪೩ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಆರೋಗ್ಯ ಸಮೀಕ್ಷಾ ಸಮಿತಿಯು ೧೯೪೬ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಆ ವರದಿಯ ಪ್ರಕಾರ ಅವಿಭಕ್ತ ಭಾರತದಲ್ಲಿ ನೊಂದಾಯಿತರಾದ ವೈದ್ಯರು ೪೭,೫೨೪ ಮಂದಿ. ಇವರಲ್ಲಿ ಪದವೀಧರರು ೧೭,೬೫೪. ಉಳಿದ ೨೯,೮೭೦ ಮಂದಿ ಲೈಸೆನ್ಷಿಯೇಟರು. ಎಂದರೆ ನೂರಕ್ಕೆ ಸುಮಾರು ೬೩ ಮಂದಿ ವೈದ್ಯಶಾಲೆಗಳಿಂದ ಬಂದವರೇ ಆಗಿದ್ದರು. ಎಲ್ಲರನ್ನೂ ಕೂಡಿಸಿ ಎಣಿಸಿದರೂ ಆರು ಸಾವಿರಕ್ಕೂ ಮಿಕ್ಕಿದ ಜನಕ್ಕೆ ಒಬ್ಬ ವೈದ್ಯನಂತಾಗುತ್ತಿತ್ತು. ಆ ವೈದ್ಯರಾದರೂ ಪಟ್ಟಣಗಳಲ್ಲಿಯೇ ಹೆಚ್ಚಾಗಿ ನೆಲೆಸಿದ್ದರೆಂಬುದನ್ನೂ ಸಮಿತಿಯು ಎತ್ತಿ ತೋರಿಸಿತು.

ಇಷ್ಟೆಲ್ಲ ಕೊರತೆಯಿದ್ದಾಗಲೂ ಸಮಿತಿಯ ಬಹುಮತವು ಲೈಸೆನ್ಷಿಯೇಟ್ ಶಿಕ್ಷಣವನ್ನು ನಿಲ್ಲಿಸಬೇಕೆಂದೇ ನಿರ್ಣಯಿಸಿತು. ಇನ್ನು ಮುಂದೆ ದೇಶಕ್ಕೆ ಒಂದೇ ಬಗೆಯ ‘ಮೂಲವೈದ್ಯ’ನು ಸಾಕು, ಅವನಿಗೆ ವಿಶ್ವವಿದ್ಯಾನಿಲಯದ ಪೂರ್ಣ ಶಿಕ್ಷಣವಿರಬೇಕು, ಅದರಲ್ಲಿ ರೋಗನಿವಾರಣೆಯ ಮತ್ತು ಸಮಾಜವೈದ್ಯದ ತರಬೇತಿಯೂ ಸೇರಿರಬೇಕು ಎಂಬುದು ಅದರ ಅಭಿಪ್ರಾಯ. ಈ ನಿರ್ಣಯದ ಹಿಂದೆ ಉದಾತ್ತವಾದ ಭಾವನೆಯಿದ್ದುದನ್ನು ಅಲ್ಲಗಳೆಯುವಂತಿಲ್ಲ. ಪಟ್ಟಣಿಗನ ಪ್ರಾಣಕ್ಕೆ ಒಂದು ಬೆಲೆ, ಹಳ್ಳಿಗನ ಪ್ರಾಣಕ್ಕೆ ಇನ್ನೊಂದು ಬೆಲೆ ಎಂಬುದಿಲ್ಲ. ಆದುದರಿಂದ ಹಳ್ಳಿಗನಿಗೆ ಅರೆಕಲಿತ ವೈದ್ಯನು ಸಾಕೆನ್ನುವುದು ಅನ್ಯಾಯ. ಸಮತೆಯನ್ನು ಧರ್ಮವೆಂದು ನಂಬಿದವರಿಗೆ ಈ ಮಾತು ಸುಲಭವಾಗಿ ಒಪ್ಪಿಗೆಯಾಗತಕ್ಕದ್ದೇ.

ಆದರೆ ಸಮಿತಿಯೊಳಗೇ ಕೆಲವು ಸದಸ್ಯರು ಭಿನ್ನಾಭಿಪ್ರಾಯವನ್ನು ದಾಖಲಿಸಿದರು. ವೈದ್ಯರ ಇಷ್ಟೊಂದು ಅಭಾವವಿರುವ ದೇಶದಲ್ಲಿ ಕಡಿಮೆ ಅವಧಿಯ ಶಿಕ್ಷಣವನ್ನು ಒಮ್ಮೆಲೇ ನಿಲ್ಲಿಸುವುದು ಸಲ್ಲದೆಂಬುದು ಅವರ ವಾದ. ಇದಕ್ಕೆ ಮುಂಚೆಯೇ, ಕಾಂಗ್ರೆಸ್ಸು ರಚಿಸಿದ್ದ ರಾಷ್ಟ್ರೀಯ ಯೋಜನಾ ಸಮಿತಿಯ ಆರೋಗ್ಯ ಉಪಸಮಿತಿಯು ಕರ್ನಲ್ ಸೋಖಿಯವರ ಅಧ್ಯಕ್ಷತೆಯಲ್ಲಿ ಇನ್ನೂ ಮುಂದೆ ಹೋಗಿ, ಸಾವಿರ ಜನಕ್ಕೆ ಒಬ್ಬನಂತೆ ಆರೋಗ್ಯ ಕಾರ್ಯಕರ್ತನಿಗೆ ಒಂಬತ್ತು ತಿಂಗಳ ತರಬೇತಿ ಕೊಟ್ಟು ಊರೂರಿನಲ್ಲಿ ನಿಲ್ಲಿಸಬೇಕೆಂದು ಸೂಚಿಸಿದ್ದಿತು.

ಒಂದು ಪಕ್ಷವು “ಹಳ್ಳಿಗೆ ಕೀಳು ವೈದ್ಯನು ಬೇಡ” ಎಂದಿತು. ಇನ್ನೊಂದು ಪಕ್ಷವು “ಮೇಲು ವೈದ್ಯನು ಬರುವ ತನಕ ಹಳ್ಳಿಗೆ ಯಾರೂ ಇಲ್ಲದಂತಾಗುವುದು ಬೇಡ” ಎಂದಿತು. ಎರಡೂ ಪಕ್ಷಗಳಲ್ಲಿ ಸತ್ಯವಿದ್ದಿತು. ಕಾರ್ಯರೂಪಕ್ಕೆ ಬಂದುದು ಮೊದಲನೆಯದು. ಸಮಿತಿಯು ವರದಿ ಕೊಡುವ ವೇಳೆಗೇ ಈ ಪ್ರವಾಹವು ಆರಂಭವಾಗಿದ್ದಿತು. ಮದರಾಸಿನ ಸ್ಟ್ಯಾನ್ಲಿ ವೈದ್ಯಶಾಲೆಯು ೧೯೩೮ರಲ್ಲಿಯೂ, ವೆಲ್ಲೂರಿನ ಮಿಷನ್ ವೈದ್ಯಶಾಲೆಯು ೧೯೪೨ರಲ್ಲಿಯೂ, ಪುಣೆಯ ಶಾಲೆಯು ೧೯೪೬ರಲ್ಲಿಯೂ ಕಾಲೇಜುಗಳಾದುವು. ಹಳೆಯ ಲೈಸೆನ್ಷಿಯೇಟರಿಗೆ ಸಂಕ್ಷಿಪ್ತ ಶಿಕ್ಷಣದ ಮೂಲಕ ಪದವಿ ಪಡೆಯುವ ಅವಕಾಶವೂ ದೊರೆಯಿತು. ಹೀಗೆ ಅವರ ಮಾನವು ಉಳಿಯಿತು. ಆದರೆ ಅವರ ಸ್ಥಾನಕ್ಕೆ ಹೊಸಬರು ಬರುವ ದಾರಿಯು ಮುಚ್ಚಿತು.

೫. ಸ್ವಾತಂತ್ರ್ಯಾನಂತರದ ಹೆಚ್ಚಳವೂ ಕೊರತೆಯೂ

ಭೋರ್ ಸಮಿತಿಯ ಯೋಜನೆಗೆ ಎರಡು ಕಾಲುಗಳಿದ್ದುವು: ಒಂದು ಪೂರ್ಣ ಶಿಕ್ಷಣ ಪಡೆದ ವೈದ್ಯ, ಇನ್ನೊಂದು ಅವನು ದುಡಿಯಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರ. ೧೯೫೨ರ ಅಕ್ಟೋಬರ್ ೨ರಂದು ಆರಂಭವಾದ ಸಮುದಾಯಾಭಿವೃದ್ಧಿ ಕಾರ್ಯಕ್ರಮದೊಡನೆ ಆರೋಗ್ಯ ಕೇಂದ್ರಗಳೂ ಏಳತೊಡಗಿದುವು. ನಾಲ್ವತ್ತು ಸಾವಿರ ಜನಕ್ಕೆ ಇಬ್ಬರು ವೈದ್ಯರುಳ್ಳ ಒಂದು ಕೇಂದ್ರವು ಮೊದಲ ಹೆಜ್ಜೆಯಾಗಿರಲೆಂದು ಸಮಿತಿಯು ಹೇಳಿದ್ದಿತು. ಕಾರ್ಯತಃ ಅದಕ್ಕಿಂತ ಹೆಚ್ಚಿನ ಜನಸಂಖ್ಯೆಯ ಭಾರವು ಒಂದೊಂದು ಕೇಂದ್ರದ ಮೇಲೆ ಬಿದ್ದಿತು.

ಕಾಲೇಜುಗಳಾದರೋ ವೇಗವಾಗಿ ಬೆಳೆದುವು. ೧೯೫೫ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಉದ್ಯಮದಿಂದ ಹುಟ್ಟಿದ ವೈದ್ಯಕೀಯ ಕಾಲೇಜು ಮರುವರ್ಷವೇ ಸರಕಾರದ ವಶವಾಯಿತು. ೧೯೫೭ರಲ್ಲಿ ಹುಬ್ಬಳ್ಳಿಯಲ್ಲಿಯೂ, ೧೯೬೧ರಲ್ಲಿ ಬಳ್ಳಾರಿಯಲ್ಲಿಯೂ ಸರಕಾರಿ ಕಾಲೇಜುಗಳು ಆರಂಭವಾದುವು. ಸರಕಾರವೊಂದರಿಂದಲೇ ಆಗದೆಂದು ಕಂಡಾಗ ಸಮಾಜವೂ ಮುಂದೆ ಬಂದಿತು. ೧೯೫೩ರಲ್ಲಿ ಮಣಿಪಾಲದ ಕಾಲೇಜು, ೧೯೬೩ರಲ್ಲಿ ಬೆಳಗಾವಿಯಲ್ಲಿ ಕೆ. ಎಲ್. ಇ. ಸಂಸ್ಥೆಯ ಕಾಲೇಜು, ಅದೇ ವರ್ಷ ಗುಲಬರ್ಗಾದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಕಾಲೇಜು, ೧೯೬೫ರಲ್ಲಿ ದಾವಣಗೆರೆಯಲ್ಲಿ ಬಾಪೂಜಿ ವಿದ್ಯಾಸಂಸ್ಥೆಯ ಕಾಲೇಜು, ೧೯೮೪ರಲ್ಲಿ ಮೈಸೂರಿನಲ್ಲಿ ಸುತ್ತೂರು ಶ್ರೀಮಠದ ಆಶ್ರಯದ ಜೆ. ಎಸ್. ಎಸ್. ಕಾಲೇಜು ಸ್ಥಾಪಿತವಾದುವು. ಇವುಗಳಲ್ಲಿ ಸಾರ್ವಜನಿಕ ಧನವು ಕಾಣದ ರೂಪದಲ್ಲಿಯೂ ಕೆಲಸ ಮಾಡಿದುದುಂಟು. ದಾವಣಗೆರೆಯ ವಿದ್ಯಾರ್ಥಿಗಳು ಚಿಗಟೇರಿ ಹೆಸರಿನ ಸರಕಾರಿ ಆಸ್ಪತ್ರೆಯ ಹಾಸಿಗೆಗಳ ಪಕ್ಕದಲ್ಲಿ ನಿಂತು ರೋಗಪರೀಕ್ಷೆಯನ್ನು ಕಲಿತರು. ಸಂಸ್ಥೆಯು ಕಟ್ಟಡವನ್ನು ಕೊಟ್ಟರೆ ಸರಕಾರವು ಆಸ್ಪತ್ರೆಯನ್ನು ಕೊಟ್ಟಿತು. ಆ ಆಸ್ಪತ್ರೆಗೆ ಬಂದ ಬಡರೋಗಿಯಾದರೋ ತನ್ನ ದೇಹವನ್ನೇ ಪಾಠವಾಗಿ ಕೊಟ್ಟನು. ವೈದ್ಯಶಿಕ್ಷಣಕ್ಕೆ ಸಂದ ಕಾಣಿಕೆಗಳಲ್ಲಿ ಇದನ್ನು ಯಾವ ಲೆಕ್ಕಪುಸ್ತಕವೂ ಬರೆದಿಟ್ಟಿರುವುದಿಲ್ಲ.

ಇಷ್ಟಾದರೂ ಹೊಸ ವೈದ್ಯರು ಹಳ್ಳಿಗೆ ಹರಿಯಲಿಲ್ಲ. ಕಾರಣವು ಅವರ ಸ್ವಭಾವದಲ್ಲಿ ಮಾತ್ರವಿದ್ದಿತೆನ್ನುವುದು ನ್ಯಾಯವಲ್ಲ. ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಕಲಿತವನಿಗೆ ಪಟ್ಟಣದ ಆಸ್ಪತ್ರೆಯ ಕೆಲಸವೇ ಬರುತ್ತದೆ. ಎಕ್ಸ್-ರೇ, ಪ್ರಯೋಗಶಾಲೆ, ಹಿರಿಯ ತಜ್ಞರ ಸಲಹೆ ಇವುಗಳ ನಡುವೆ ಬೆಳೆದ ತರುಣನು ಇವೊಂದೂ ಇಲ್ಲದ ಕೇಂದ್ರದಲ್ಲಿ ಒಂಟಿಯಾಗಿ ನಿಂತಾಗ ಅಧೈರ್ಯಪಡುವುದು ಸಹಜ. ಅದರ ಮೇಲೆ ವಾಸಕ್ಕೆ ತಕ್ಕ ಮನೆಯಿಲ್ಲದಿರುವುದು, ಮಕ್ಕಳಿಗೆ ಶಾಲೆಯಿಲ್ಲದಿರುವುದು, ಮೇಲಣ ವ್ಯಾಸಂಗಕ್ಕೆ ಹಿನ್ನಡೆಯಾಗುವುದು ಇವೆಲ್ಲ ಸೇರುತ್ತಿದ್ದುವು.

ಈ ದೋಷವನ್ನು ಸರಕಾರವು ಕಾಣದೆ ಇರಲಿಲ್ಲ. ೧೯೭೫ರಲ್ಲಿ ವರದಿಯನ್ನೊಪ್ಪಿಸಿದ ಶ್ರೀವಾಸ್ತವ ಸಮಿತಿಯು, ಭಾರತದ ವೈದ್ಯಶಿಕ್ಷಣವು ಪರದೇಶದ ಮಾದರಿಯಲ್ಲಿ ಬೆಳೆದು ಈ ದೇಶದ ಬಹುಜನರ ಅಗತ್ಯದಿಂದ ದೂರವಾಗಿದೆಯೆಂದು ವಿಮರ್ಶಿಸಿತು. ಅದನ್ನನುಸರಿಸಿ ೧೯೭೭ರಲ್ಲಿ ವೈದ್ಯಶಿಕ್ಷಣದ ದಿಕ್ಕನ್ನು ಹಳ್ಳಿಯತ್ತ ತಿರುಗಿಸುವ ಯೋಜನೆಯೊಂದು ಹೊರಟಿತು. ಪ್ರತಿಯೊಂದು ಕಾಲೇಜೂ ಮೂರು ಅಭಿವೃದ್ಧಿ ಬ್ಲಾಕುಗಳ ಹೊಣೆ ಹೊರಬೇಕು, ವಿದ್ಯಾರ್ಥಿಗಳೂ ಅಧ್ಯಾಪಕರೂ ಸಂಚಾರಿ ವಾಹನಗಳಲ್ಲಿ ಅಲ್ಲಿಗೆ ಹೋಗಬೇಕು ಎಂಬುದು ಅದರ ಸಾರಾಂಶ. ಅದೇ ವರ್ಷದ ಅಕ್ಟೋಬರ್ ೨ರಂದು, ಸಾವಿರ ಜನಕ್ಕೆ ಒಬ್ಬನಂತೆ ಊರಿನವರೇ ಆರಿಸಿದ ಆರೋಗ್ಯ ಸ್ವಯಂಸೇವಕನಿಗೆ ಮೂರು ತಿಂಗಳ ತರಬೇತಿ ಕೊಡುವ ಯೋಜನೆಯೂ ಆರಂಭವಾಯಿತು. ಸೋಖಿ ಉಪಸಮಿತಿಯ ಹಳೆಯ ಆಲೋಚನೆಯು ಹೀಗೆ ಬೇರೊಂದು ವೇಷದಲ್ಲಿ ಮರಳಿತು.

ಕಾಲೇಜುಗಳ ಯೋಜನೆಯು ಬಯಸಿದ ಫಲವನ್ನು ಕೊಡಲಿಲ್ಲ. ವಾಹನವು ಬೆಳಿಗ್ಗೆ ಹಳ್ಳಿಗೆ ಹೋಗಿ ಸಂಜೆ ಪಟ್ಟಣಕ್ಕೆ ಮರಳುತ್ತಿತ್ತು. ಪರೀಕ್ಷೆಯು ಪಟ್ಟಣದಲ್ಲಿ, ಗುರುಗಳ ಗೌರವವೂ ಬಡ್ತಿಯೂ ಪಟ್ಟಣದ ಆಸ್ಪತ್ರೆಯ ಕೆಲಸದಲ್ಲಿ. ಹಳ್ಳಿಯು ವಿದ್ಯಾರ್ಥಿಗೆ ಪ್ರವಾಸದ ಸ್ಥಳವಾಯಿತಲ್ಲದೆ ವಿದ್ಯೆಯ ಸ್ಥಳವಾಗಲಿಲ್ಲ.

೬. ಬೇರೆಯಾಗಿ ನಡೆದವರು

ಆದರೂ ದೇಶದಲ್ಲಿ ಕೆಲವರು ಬೇರೆ ದಾರಿಯಲ್ಲಿ ನಡೆದು ತೋರಿಸಿದರು. ಮಹಾತ್ಮಾ ಗಾಂಧಿಯವರು ನೆಲೆಸಿದ್ದ ಸೇವಾಗ್ರಾಮದಲ್ಲಿ ಅವರ ಶಿಷ್ಯೆಯಾದ ಡಾಕ್ಟರ್ ಸುಶೀಲಾ ನಯ್ಯರ್ ಅವರು ೧೯೬೯ರಲ್ಲಿ ವೈದ್ಯಕೀಯ ಕಾಲೇಜೊಂದನ್ನು ಸ್ಥಾಪಿಸಿದರು. ಅದರ ವೆಚ್ಚದ ಅರ್ಧವನ್ನು ಕೇಂದ್ರ ಸರಕಾರವೂ, ಕಾಲುಭಾಗವನ್ನು ಮಹಾರಾಷ್ಟ್ರ ಸರಕಾರವೂ, ಉಳಿದ ಕಾಲುಭಾಗವನ್ನು ಕಸ್ತೂರಬಾ ಆರೋಗ್ಯ ಸಂಘವೂ ಹೊರುವ ಏರ್ಪಾಡಾಯಿತು. ವಿದ್ಯಾರ್ಥಿಗಳು ಹಳ್ಳಿಯೊಂದರಲ್ಲಿ ಶಿಬಿರ ಹೂಡಿ ಮನೆಮನೆಯ ಪರಿಚಯ ಮಾಡಿಕೊಂಡು, ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗುವ ಪದ್ಧತಿಯು ಅಲ್ಲಿ ಬೇರೂರಿತು. ಅಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು ಬಯಸುವವರು ಮೊದಲು ಗ್ರಾಮಸೇವೆಯನ್ನು ಸಲ್ಲಿಸಬೇಕೆಂಬ ನಿಯಮವೂ ಬಂದಿತು.

ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಕ್ರಮವು ಇನ್ನೊಂದು ಬಗೆಯದು. ಅಲ್ಲಿ ಅನೇಕ ವಿದ್ಯಾರ್ಥಿಗಳನ್ನು ದೂರದೂರದ ಮಿಷನ್ ಸಂಸ್ಥೆಗಳು ತಮ್ಮವರೆಂದು ಮುಂದಿಟ್ಟು ಕಳುಹಿಸುತ್ತವೆ. ವಿದ್ಯೆ ಮುಗಿದ ಮೇಲೆ ವೈದ್ಯನು ಎರಡು ವರ್ಷ ಆ ಸಂಸ್ಥೆಗಳ ಆಸ್ಪತ್ರೆಯಲ್ಲಿ ದುಡಿಯತಕ್ಕದ್ದು. ವಿದ್ಯಾರ್ಥಿಯು ಕಾಲೇಜಿಗೆ ಕಾಲಿಡುವಾಗಲೇ ತಾನು ಹೋಗಬೇಕಾದ ಊರನ್ನು ಬಲ್ಲನು. ಅವನಿಗಾಗಿ ಕಾಯುತ್ತಿರುವವರು ಅವನನ್ನು ಬಲ್ಲರು. ಇದು ಸರಕಾರದ ಹಣದ ಕಥೆಯಲ್ಲವಾದರೂ ಸರಕಾರವು ಇದರಿಂದ ಕಲಿಯತಕ್ಕುದುಂಟು.

ಹಳೆಯ ಎಲ್. ಎಂ. ಪಿ. ಪದ್ಧತಿಯನ್ನು ಹೊಸ ರೂಪದಲ್ಲಿ ಮರಳಿ ತರುವ ಯತ್ನಗಳೂ ನಡೆದುವು. ೨೦೦೦ದಲ್ಲಿ ಹುಟ್ಟಿದ ಛತ್ತೀಸಗಢ ರಾಜ್ಯವು ಮರುವರ್ಷವೇ ಶಾಸನ ಮಾಡಿ ಮೂರು ವರ್ಷದ ವೈದ್ಯಶಿಕ್ಷಣವನ್ನು ಆರಂಭಿಸಿತು. ಪದವೀಧರ ವೈದ್ಯರ ಸಂಘಗಳು ವಿರೋಧಿಸಿದುವು. ಹೆಸರಿನ ವಿಷಯದಲ್ಲಿಯೂ ಅಧಿಕಾರದ ವಿಷಯದಲ್ಲಿಯೂ ವಿವಾದವೆದ್ದಿತು. ಕೆಲವೇ ವರ್ಷಗಳಲ್ಲಿ ಹೊಸ ಪ್ರವೇಶವು ನಿಂತುಹೋಯಿತು. ಆದರೆ ಕಲಿತು ಹೊರಬಂದವರನ್ನು ರಾಜ್ಯವು ೨೦೦೮ರಿಂದ ಗ್ರಾಮೀಣ ವೈದ್ಯಕೀಯ ಸಹಾಯಕರೆಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನೇಮಿಸಿತು. ೨೦೧೦ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಾಮಾನ್ಯ ರೋಗಗಳ ಚಿಕಿತ್ಸೆಯಲ್ಲಿ ಇವರ ಸಾಮರ್ಥ್ಯವು ಪದವೀಧರ ವೈದ್ಯಾಧಿಕಾರಿಗಳ ಸಾಮರ್ಥ್ಯಕ್ಕೆ ಸರಿದೂಗುವಂತಿದೆಯೆಂದು ಕಂಡುಕೊಂಡಿತು. ಅರವತ್ತು ವರ್ಷಗಳ ಹಿಂದಿನ ವಿವಾದದಲ್ಲಿ ಭಿನ್ನಾಭಿಪ್ರಾಯದವರ ಮಾತು ಪೂರ್ಣ ನಿರಾಧಾರವಾಗಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿಯಾಯಿತು.

ಅಸ್ಸಾಮು ಸಹ ೨೦೦೪ರ ಶಾಸನದ ಮೇರೆಗೆ ಜೋರಹಾಟಿನಲ್ಲಿ ಇಂತಹುದೇ ಶಿಕ್ಷಣವನ್ನು ನಡೆಸಿತು. ಉಚ್ಚ ನ್ಯಾಯಾಲಯವು ೨೦೧೪ರಲ್ಲಿ ಆ ಶಾಸನವನ್ನು ತಳ್ಳಿಹಾಕಿತು. ವೈದ್ಯಶಿಕ್ಷಣದ ಮಟ್ಟವನ್ನು ಗೊತ್ತುಪಡಿಸುವ ಅಧಿಕಾರವು ಕೇಂದ್ರದ್ದೆಂಬ ಕಾರಣದಿಂದ ಸರ್ವೋಚ್ಚ ನ್ಯಾಯಾಲಯವು ೨೦೨೩ರಲ್ಲಿ ಆ ತೀರ್ಪನ್ನು ಎತ್ತಿಹಿಡಿಯಿತು. ಆದರೆ ಕಲಿತವರಿಗೆ ಸಮುದಾಯ ಆರೋಗ್ಯ ಕಾರ್ಯಕರ್ತರೆಂಬ ಸ್ಥಾನವನ್ನು ಕೊಟ್ಟ ಆ ರಾಜ್ಯದ ೨೦೧೫ರ ಶಾಸನವು ಊರ್ಜಿತವಾಗಿ ಉಳಿಯಿತು. ಇದರ ನಡುವೆ ಕೇಂದ್ರ ಸರಕಾರವು ೨೦೧೮ರಿಂದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮಾರ್ಪಡಿಸತೊಡಗಿ, ಶುಶ್ರೂಷಕಿಯರಿಗೂ ಆಯುರ್ವೇದಾದಿ ಪದ್ಧತಿಗಳಲ್ಲಿ ಕಲಿತವರಿಗೂ ಆರು ತಿಂಗಳ ತರಬೇತಿ ಕೊಟ್ಟು ಸಮುದಾಯ ಆರೋಗ್ಯ ಅಧಿಕಾರಿಗಳೆಂದು ಅಲ್ಲಿ ನೇಮಿಸುವ ಕ್ರಮವನ್ನು ಕೈಗೊಂಡಿತು.

೭. ಕಟ್ಟಳೆಯೂ ಆಕರ್ಷಣೆಯೂ

ಕರ್ನಾಟಕದ ಶಾಸನಸಭೆಯು ೨೦೧೨ರಲ್ಲಿ ಅಂಗೀಕರಿಸಿದ ಶಾಸನವು, ವೈದ್ಯಶಿಕ್ಷಣ ಮುಗಿಸಿದವರು ಒಂದು ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ಕಡ್ಡಾಯವಾಗಿ ಸೇವೆ ಸಲ್ಲಿಸಬೇಕೆಂದು ವಿಧಿಸಿತು. ೨೦೧೫ರಲ್ಲಿ ಅದು ಜಾರಿಗೆ ಬಂದಿತು. ವಿದ್ಯಾರ್ಥಿಗಳು ನ್ಯಾಯಾಲಯದ ಮೊರೆಹೊಕ್ಕರು. ೨೦೧೯ರಲ್ಲಿ ಉಚ್ಚ ನ್ಯಾಯಾಲಯವು ಶಾಸನವನ್ನು ಎತ್ತಿಹಿಡಿಯಿತು. ಸಮಾಜದ ಹಣದಿಂದ ಕಲಿತವನು ಸಮಾಜಕ್ಕೆ ಋಣಿ ಎಂಬುದು ಇದರ ತಿರುಳು. ಈ ತತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಋಣ ತೀರಿಸಲೆಂದು ಬಂದವನು ವರ್ಷ ಮುಗಿದೊಡನೆ ಹೊರಡುತ್ತಾನೆ. ರೋಗಿಯು ಅವನ ಹೆಸರನ್ನು ಕಲಿಯುವ ವೇಳೆಗೆ ಹೊಸಬನು ಬರುತ್ತಾನೆ. ಮನೆತನದ ರೋಗಚರಿತ್ರೆಯನ್ನು ಬಲ್ಲ ವೈದ್ಯನು ಕಟ್ಟಳೆಯೊಂದರಿಂದಲೇ ದೊರೆಯುವುದಿಲ್ಲ.

ಇನ್ನೊಂದು ಉಪಾಯವು ಆಕರ್ಷಣೆಯದು. ಗ್ರಾಮಸೇವೆಯಲ್ಲಿರುವ ಸರಕಾರಿ ವೈದ್ಯರಿಗೆ ಸ್ನಾತಕೋತ್ತರ ಶಿಕ್ಷಣದಲ್ಲಿ ಸ್ಥಾನಗಳನ್ನು ಮೀಸಲಿಡುವ ಅಧಿಕಾರವು ರಾಜ್ಯಗಳಿಗೆ ಉಂಟೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ತೀರ್ಪಿತ್ತಿತು. ಹಳ್ಳಿಗೆ ಹೋದರೆ ಮೇಲಣ ವಿದ್ಯೆಗೆ ಹಿನ್ನಡೆ ಎಂಬ ಭಯವು ಇದರಿಂದ ಹಳ್ಳಿಗೆ ಹೋದರೆ ಮುನ್ನಡೆ ಎಂಬ ಭರವಸೆಯಾಗಿ ಮಾರ್ಪಡಬಲ್ಲದು.

ಮೂರನೆಯ ಉಪಾಯವು ಕಾಲೇಜನ್ನೇ ಪಟ್ಟಣದಿಂದ ಆಚೆಗೆ ಒಯ್ಯುವುದು. ಜಿಲ್ಲಾ ಆಸ್ಪತ್ರೆಗಳಿಗೆ ಸೇರಿಸಿ ಹೊಸ ಕಾಲೇಜುಗಳನ್ನು ತೆರೆಯಲು ೨೦೧೪ರಲ್ಲಿ ಕೇಂದ್ರ ಸರಕಾರವು ಯೋಜನೆ ಹೂಡಿ, ವೆಚ್ಚದ ನೂರಕ್ಕೆ ೬೦ ಪಾಲನ್ನು ತಾನೂ, ೪೦ ಪಾಲನ್ನು ರಾಜ್ಯವೂ ಕೊಡುವಂತೆ ಗೊತ್ತುಪಡಿಸಿತು. ಈಶಾನ್ಯದ ಮತ್ತು ಕೆಲವು ವಿಶೇಷ ರಾಜ್ಯಗಳಿಗೆ ಕೇಂದ್ರದ ಪಾಲು ೯೦. ಕರ್ನಾಟಕದಲ್ಲಿ ಹಾವೇರಿ, ಯಾದಗಿರಿ, ಚಿಕ್ಕಮಗಳೂರುಗಳು ಈ ಯೋಜನೆಯಲ್ಲಿ ಕಾಲೇಜುಗಳನ್ನು ಪಡೆದುವು. ಇದಕ್ಕೆ ಮುಂಚೆಯೇ ಹಾಸನ, ಮಂಡ್ಯ, ರಾಯಚೂರು, ಬೀದರ, ಗದಗ, ಕೊಪ್ಪಳ, ಚಾಮರಾಜನಗರಗಳಲ್ಲಿ ರಾಜ್ಯವು ಕಾಲೇಜುಗಳನ್ನು ತೆರೆದಿದ್ದಿತು. ಒಂದು ಕಾಲದಲ್ಲಿ ಹೈದರಾಬಾದಿನ ದಾರಿ ಹಿಡಿಯಬೇಕಾಗಿದ್ದ ಬೀದರ ರಾಯಚೂರುಗಳ ಮಕ್ಕಳು ಈಗ ತಮ್ಮ ಜಿಲ್ಲೆಯಲ್ಲಿಯೇ, ತಮ್ಮ ಜನರ ರೋಗಗಳನ್ನು ನೋಡಿ ಕಲಿಯಬಲ್ಲರು. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯಬೇಕೆಂದು ೨೦೨೦ರಲ್ಲಿ ಬಂದ ನಿಯಮವೂ ಇದೇ ದಿಕ್ಕಿನದು. ಆದರೆ ಜಿಲ್ಲಾಕೇಂದ್ರವು ಹಳ್ಳಿಯಲ್ಲ. ಅಲ್ಲಿಂದ ಹಳ್ಳಿಗೆ ಇನ್ನೂ ಒಂದು ಹೆಜ್ಜೆಯುಂಟು.

೮. ಉಪಸಂಹಾರ

ಇನ್ನೂರು ವರ್ಷಗಳ ಈ ವೃತ್ತಾಂತವನ್ನು ಒಟ್ಟಾಗಿ ನೋಡಿದರೆ, ಸರಕಾರದ ಹಣವು ಎಲ್ಲಿ ಕಟ್ಟಲ್ಪಟ್ಟಿತೋ ವೈದ್ಯನೂ ಬಹುಮಟ್ಟಿಗೆ ಅಲ್ಲಿಯೇ ನೆಲೆಸಿದನೆಂಬುದು ವಿಶದವಾಗುತ್ತದೆ. ಸೈನ್ಯಕ್ಕೆಂದು ಕೊಟ್ಟ ಹಣದಿಂದ ಸೈನ್ಯಕ್ಕೆ ವೈದ್ಯರು ದೊರೆತರು. ಪಟ್ಟಣದ ಆಸ್ಪತ್ರೆಗೆ ಕೊಟ್ಟ ಹಣದಿಂದ ಪಟ್ಟಣಕ್ಕೆ ವೈದ್ಯರು ದೊರೆತರು. ಮದರಾಸಿನ ಸಹಾಯಧನದಂತೆ ಹಣವನ್ನು ಹಳ್ಳಿಯ ಹೆಸರಿಗೆ ಬರೆದಾಗ ಹಳ್ಳಿಗೂ ದೊರೆತರು. ಲೈಸೆನ್ಷಿಯೇಟರ ಶಿಕ್ಷಣವನ್ನು ನಿಲ್ಲಿಸಿದವರ ಆಶಯದಲ್ಲಿ ದೋಷವಿರಲಿಲ್ಲ. ಆದರೆ ಹಳ್ಳಿಗೂ ಪಟ್ಟಣಕ್ಕೂ ಒಂದೇ ಮಟ್ಟದ ವೈದ್ಯನೆಂದು ಘೋಷಿಸಿದ ಮೇಲೆ, ಆ ವೈದ್ಯನು ಹಳ್ಳಿಯಲ್ಲಿ ಬಾಳಲು ಬೇಕಾದ ವೆಚ್ಚವನ್ನೂ ಅದೇ ಔದಾರ್ಯದಿಂದ ಕೊಡಬೇಕಾಗಿದ್ದಿತು. ಮಟ್ಟವು ಏರಿತು, ವೆಚ್ಚವು ಪಟ್ಟಣದಲ್ಲಿಯೇ ನಿಂತಿತು. ಆ ಅಂತರದಲ್ಲಿ ಬಿದ್ದವನು ಹಳ್ಳಿಯ ರೋಗಿ.

ಆದಕಾರಣ ವೈದ್ಯಶಿಕ್ಷಣಕ್ಕೆ ಹಣವನ್ನು ಮಂಜೂರು ಮಾಡುವವರೂ, ಕಾಲೇಜುಗಳನ್ನು ಕಟ್ಟುವ ಧರ್ಮಸಂಸ್ಥೆಗಳೂ ಮೂರು ವಿಷಯಗಳನ್ನು ಒಟ್ಟಿಗೆ ಪರ್ಯಾಲೋಚಿಸುವುದು ಉಚಿತ. ವಿದ್ಯಾರ್ಥಿಯು ಯಾವ ಊರಿನವನು, ಅವನನ್ನು ಯಾರು ತಮ್ಮವನೆಂದು ಕಳುಹಿಸಿದರು ಎಂಬುದು ಮೊದಲನೆಯದು. ಅವನ ಶಿಕ್ಷಣದಲ್ಲಿ ಎಷ್ಟು ಭಾಗವು ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯ ಮೇಲೆ, ಅಲ್ಲಿಯೇ ನೆಲೆಸಿದ ಗುರುವಿನ ಬಳಿ ನಡೆಯಿತು ಎಂಬುದು ಎರಡನೆಯದು. ಹಳ್ಳಿಯಲ್ಲಿ ಹತ್ತು ವರ್ಷ ನಿಂತವನಿಗೆ ಮನೆ, ಮಾನ, ಸಂಬಳ, ಮೇಲಣ ವಿದ್ಯೆ ಇವುಗಳಲ್ಲಿ ಏನು ದೊರೆಯಿತು ಎಂಬುದು ಮೂರನೆಯದು. ಇವುಗಳಲ್ಲಿ ಒಂದನ್ನು ಮಾತ್ರ ಹಿಡಿದು ಉಳಿದೆರಡನ್ನು ಬಿಟ್ಟ ಯೋಜನೆಗಳು ನಿಲ್ಲದೆ ಹೋದುದನ್ನು ಇತಿಹಾಸವು ತೋರಿಸಿರುತ್ತದೆ.

ವೈದ್ಯವೃತ್ತಿಯು ಕಾಯಕಗಳಲ್ಲಿ ಶ್ರೇಷ್ಠವಾದುದೆಂದು ಹೇಳುವುದು ಸುಲಭ. ಆ ಕಾಯಕವನ್ನು ಹಳ್ಳಿಯಲ್ಲಿ ಮಾಡಬಂದವನಿಗೆ ಊರಿನವರು ಇರಲು ಮನೆ ತೋರಿಸಿದರೆ, ಮಕ್ಕಳ ಶಾಲೆಯನ್ನು ಚೆನ್ನಾಗಿಟ್ಟರೆ, ಖಾಲಿಯಾದ ವೈದ್ಯನ ಸ್ಥಾನವನ್ನು ತುಂಬಿಸುವಂತೆ ಸರಕಾರವನ್ನು ಬಿಡದೆ ಕೇಳಿದರೆ, ಬೊಕ್ಕಸದಿಂದ ಪಟ್ಟಣಕ್ಕೆ ಹೋದ ತಮ್ಮ ಹಣವು ಒಂದಲ್ಲ ಒಂದು ದಿನ ಔಷಧದ ಪೆಟ್ಟಿಗೆಯೊಡನೆ ಊರಿಗೆ ಮರಳುವುದನ್ನು ಅವರು ಕಾಣುವರು.